ಅಮ್ಮನ ದಾರ

ಬಲ ಹೆಗಲಿಗೆ ಒಂದು ಬೆರಳು ಹೆಚ್ಚಿಗೆ ಬಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಂಡು, ಕತ್ತರಿಯನ್ನು ಅದರ ಅರ್ಧಕ್ಕೆ ತಂದಿದ್ದೆ. ಅಷ್ಟರಲ್ಲಿ ಸಿದ್ದವ್ವ ಬಾಗಿಲಲ್ಲಿ ನಿಂತು, "ವೇಣಮ್ಮ, ಇದು ನನ್ ರವಿಕೆ ಅಲ್ಲ ಕಣವ್ವ. ಎಲ್ಲೋ ಅದಲು ಬದಲಾಗಿದೆ" ಎಂದರು.

"ನಿಮ್ದೇ ಸಿದ್ದವ್ವ. ಬದನೆಕಾಯಿ ಬಣ್ಣ, ತೋಳಿಗೆ ಜರಿ ಅಂಚು. ನಾನೇ ಹೊಲಿದು ನಾನೇ ಹುಕ್ ಹಾಕಿದೀನಿ."

"ಬಟ್ಟೆ ನಂದೇ. ಹೊಲಿಗೆ ನಂದಲ್ಲ. ಬಾ, ಹಾಕ್ಕೊಂಡೇ ತೋರಿಸ್ತೀನಿ."

ಒಳಮನೆಯಲ್ಲಿ ಹಾಕಿಕೊಂಡು ತೋರಿಸಿದರು. ಎಡಗಡೆ ಚೆನ್ನಾಗಿ ಕೂತಿತ್ತು. ಬಲ ಹೆಗಲ ಮೇಲೆ ಮಾತ್ರ ಬಟ್ಟೆ ಗುಬ್ಬಿ ಕೂತ ಹಾಗೆ ಉಬ್ಬಿಕೊಂಡಿತ್ತು. ಕೊರಳಿಂದ ಟೇಪು ತೆಗೆದು ಅಳೆದೆ. ಟೇಪು ಹಿಗ್ಗಿರಬೇಕು ಎಂದುಕೊಂಡು ಪೆಟ್ಟಿಗೆಯಿಂದ ಹೊಸ ಟೇಪು ತಂದು ಅಳೆದೆ. ಸಿದ್ದವ್ವನ ಎರಡು ಹೆಗಲೂ ಒಂದೇ ಮಟ್ಟದಲ್ಲಿದ್ದವು. ಕೈ ನೋಡಿದೆ. ನಲವತ್ತು ವರ್ಷ ಕಿವಿಯ ಪಕ್ಕದಲ್ಲಿ ಎತ್ತಿಕೊಂಡೇ ಇದ್ದ ಅವರ ಬಲಗೈ ಸೊಂಟದ ಪಕ್ಕಕ್ಕೆ ನೆಟ್ಟಗೆ ಇಳಿಬಿದ್ದಿತ್ತು.

"ಕೈ ಏನಾಯ್ತು ಸಿದ್ದವ್ವ?"

"ಏನೂ ಆಗಿಲ್ಲ. ಇಳೀತು" ಎಂದು ಅವರು ಆ ಕೈಯಿಂದಲೇ ಬೆನ್ನ ಹಿಂದಿನ ಜಡೆಯನ್ನು ಮುಂದಕ್ಕೆ ತಂದು ಹಾಕಿಕೊಂಡರು. ನಾನು ನೋಡುತ್ತಲೇ ನಿಂತೆ.

ನಮ್ಮೂರಿನಲ್ಲಿ ಪ್ರತಿ ಮನೆಯಲ್ಲೂ ಅಡುಗೆಮನೆಯ ಬಾಗಿಲಿಗೆ ಎದುರಾಗಿ ಅಮ್ಮ ಇರುತ್ತಾಳೆ. ಗೋಡೆಯ ಮೇಲೆ ಬರೆದ ಅಮ್ಮ. ನಿಂತಿರುತ್ತಾಳೆ. ಬಲಗೈ ಕಿವಿಯ ಮಟ್ಟಕ್ಕೆ ಎತ್ತಿ ಅಭಯ ಕೊಡುತ್ತಿರುತ್ತಾಳೆ, ಅದರಿಂದ ಬಲ ಹೆಗಲು ಎಡಕ್ಕಿಂತ ಒಂದು ಬೆರಳು ಮೇಲಿರುತ್ತದೆ. ಗಲ್ಲ ತಗ್ಗಿ, ಕಣ್ಣು ತನ್ನ ಪಾದವನ್ನೇ ನೋಡುತ್ತಿರುತ್ತದೆ. ಅವಳೆದುರು ಒಲೆ ಹಚ್ಚಿ, ಅವಳೆದುರು ಉಂಡು, ಅವಳೆದುರು ಮಲಗಿದ ಹೆಂಗಸರು ಕೆಲವು ವರ್ಷಗಳಲ್ಲಿ ಅವಳ ಹಾಗೇ ಆಗುತ್ತಾರೆ. ಮೊದಲು ಗಲ್ಲ, ಆಮೇಲೆ ಹೆಗಲು, ಕೊನೆಗೆ ಕೈ. ಹುಟ್ಟಿ ಬೆಳೆದವರಿಗೆ ಹದಿನೆಂಟು ಇಪ್ಪತ್ತಕ್ಕೆ ಶುರುವಾಗುತ್ತದೆ. ನಾನು ಬೇರೆ ಊರಿನಿಂದ ಸೊಸೆಯಾಗಿ ಬಂದವಳು, ನನಗೆ ಏಳು ವರ್ಷ ಹಿಡಿಯಿತು. ಮಗಳು ತಾರಿಣಿ ಹುಟ್ಟಿದ ಮೂರನೇ ವರ್ಷ ನನ್ನ ಕೈಯೂ ಮೇಲೆದ್ದಿತು. ಹೊಲಿಗೆಯವಳಿಗೆ ತಗ್ಗಿದ ಕತ್ತು ಅನುಕೂಲವೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಮಿಷನ್ನಿನ ಮುಂದೆ ಕೂತಾಗ ಬಲಗೈಯನ್ನು ಒತ್ತಿ ಹಿಡಿಯಲು ಮಣಿಕಟ್ಟಿಗೆ ಒಂದು ಸೇರಿನ ಮರಳಿನ ಚೀಲ ಕಟ್ಟಿಕೊಳ್ಳುತ್ತೇನೆ.

ಇದಕ್ಕೆಲ್ಲ ನಾವು ಒಗ್ಗಿಕೊಂಡಿದ್ದೇವೆ. ಪ್ರತಿ ಮನೆಯ ಬಾಗಿಲ ಚೌಕಟ್ಟಿನಲ್ಲೂ ಕಿವಿಯ ಎತ್ತರಕ್ಕೆ ಒಂದು ಮರದ ಗೂಟ ಇರುತ್ತದೆ. ಹರಟೆಗೆ ನಿಂತ ಹೆಂಗಸರು ಕೈಯನ್ನು ಅದರ ಮೇಲಿಟ್ಟು ದಣಿವಾರಿಸಿಕೊಳ್ಳುತ್ತಾರೆ. ಒಬ್ಬರ ಬೆನ್ನು ಇನ್ನೊಬ್ಬರು ಉಜ್ಜುತ್ತೇವೆ, ಒಬ್ಬರ ಜಡೆ ಇನ್ನೊಬ್ಬರು ಹೆಣೆಯುತ್ತೇವೆ. ಹೊಸ ಕಂಡಕ್ಟರ್ ಬಂದಾಗಲೆಲ್ಲ ಮೊದಲ ವಾರ ಬಸ್ಸು ಊರು ದಾಟುವುದೇ ಇಲ್ಲ. ದಾರಿಯಲ್ಲಿ ಹೋಗುವ ಪ್ರತಿ ಹೆಂಗಸಿನ ಮುಂದೂ ಸೀಟಿ ಊದಿ ನಿಲ್ಲಿಸುತ್ತಾನೆ. ಹೋದ ವರ್ಷ ಬಸ್ಸು ಕೆಟ್ಟು ಇಲ್ಲೇ ಉಳಿದ ಪರ ಊರಿನ ಟೀಚರಮ್ಮ ಒಬ್ಬರು ನನ್ನಲ್ಲಿ ರವಿಕೆ ಹೊಲಿಸಿದ್ದರು. ಕೈ ರೂಢಿಯಂತೆ ಅದರ ಬಲ ಹೆಗಲನ್ನೂ ಒಂದು ಬೆರಳು ಏರಿಸಿ ಕತ್ತರಿಸಿದ್ದೆ. "ಸೊಟ್ಟಗೆ ಹೊಲಿದಿದೀರಲ್ಲ" ಎಂದಾಗ ಅವರ ಹೆಗಲೇ ಸೊಟ್ಟ ಎಂದುಕೊಂಡಿದ್ದೆ.

ಸಿದ್ದವ್ವನ ಹೆಗಲನ್ನು ಹಾಗೆಂದುಕೊಳ್ಳಲು ಆಗಲಿಲ್ಲ. ಅವರ ಗಂಡ ಮಾಲಿಂಗಾಚಾರಿಯೇ ಊರಿನ ಎಲ್ಲ ಗೋಡೆಗಳಿಗೂ ಅಮ್ಮನನ್ನು ಬರೆದವರು. ದೀಪಾವಳಿಯ ಹೊತ್ತಿಗೆ ತೀರಿಕೊಂಡರು. ಮಗಳು ಸಾವಂತ್ರಿ ಪಟ್ಟಣದ ಚಿತ್ರಶಾಲೆಯಲ್ಲಿ ಓದಿ ಅಲ್ಲೇ ಇದ್ದವಳು, ಅಪ್ಪನ ತಿಥಿಗೆಂದು ಬಂದು ಅವ್ವನ ಜೊತೆ ಉಳಿದುಕೊಂಡಿದ್ದಳು.

"ನಿಮ್ಮ ಮನೆಗೆ ಬರ್ತೀನಿ" ಎಂದೆ.

"ಬಾ. ಎಲ್ಲರೂ ಬಂದು ಉಗಿದು ಹೋದ್ರು, ನೀನೊಬ್ಬಳು ಬಾಕಿ ಇದ್ದೆ" ಎಂದು ನಕ್ಕರು ಸಿದ್ದವ್ವ.

ಅವರ ಮನೆಯ ಗೋಡೆಯ ಮೇಲೆ ಹಳೆಯ ಅಮ್ಮ ಇರಲಿಲ್ಲ. ಅವಳಿದ್ದ ಜಾಗದಲ್ಲಿ ಒಬ್ಬಳು ಕೂತಿದ್ದಳು. ಮಣೆಯ ಮೇಲೆ, ಕಾಲು ಚಾಚಿಕೊಂಡು, ಎರಡು ಕೈಗಳನ್ನೂ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮೈ ಸುಟ್ಟ ಇಟ್ಟಿಗೆಯ ಬಣ್ಣ. ಸುತ್ತ ಬಾಣಲೆಯ ತಳದಷ್ಟು ಕಪ್ಪಾದ ದಪ್ಪ ಗೆರೆ. ಕೆನ್ನೆಗೆ ಗುಲಾಬಿ ಇಲ್ಲ, ಮೈಗೆ ನೆರಳು ಬೆಳಕಿನ ನುಣುಪಿಲ್ಲ. ಒಂದು ಕಣ್ಣು ಇನ್ನೊಂದಕ್ಕಿಂತ ದೊಡ್ಡದು. ಅಂಗೈಗಳಂತೂ ಮೊರದಷ್ಟು ಅಗಲ. ಕಿರೀಟದ ಜಾಗದಲ್ಲಿ ಹಳದಿಯ ಒಂದೇ ಒಂದು ಬಳಿತ. ಆದರೂ ಅವಳು ಅಮ್ಮನೇ. ಹೇಗೆ ಗೊತ್ತಾಯಿತು ಎಂದರೆ ಹೇಳಲಾರೆ. ನನ್ನ ಕತ್ತು ತಗ್ಗಿದ್ದರೂ ಅವಳ ಮುಖ ನನಗೆ ಪೂರ್ತಿ ಕಾಣುತ್ತಿತ್ತು, ಏಕೆಂದರೆ ಅವಳು ಕೂತಿದ್ದಳು. ನಮ್ಮ ಮನೆಯ ಅಮ್ಮನ ಮುಖವನ್ನು ನೋಡಿ ನನಗೆ ಹದಿನೈದು ವರ್ಷವಾಗಿತ್ತು. ಇವಳು ನನ್ನನ್ನು ನೆಟ್ಟಗೆ ನೋಡುತ್ತಿದ್ದಳು.

"ಉಗಿಯೋದಿದ್ರೆ ಉಗೀರಿ ವೇಣಕ್ಕ" ಎಂದಳು ಸಾವಂತ್ರಿ. ಸೀರೆಯ ಸೆರಗೆಲ್ಲ ಬಣ್ಣ. "ಪಕ್ಕದ ಮನೆಯವರು ಇವಳನ್ನ ಸೊಪ್ಪು ಮಾರೋಳು ಅಂದ್ರು. ನಾನು ಹೌದು ಅಂದೆ."

"ಅಮ್ಮ ಯಾಕೆ ಕೂತಿದಾಳೆ?"

"ನಿಂತೂ ನಿಂತೂ ಸಾಕಾಗಿರಲ್ವಾ?"

"ತಮಾಷೆ ಸಾಕು. ನಿಮ್ಮಪ್ಪ ಕೂರಿಸಲಿಲ್ಲ, ನಿಮ್ಮ ತಾತ ಕೂರಿಸಲಿಲ್ಲ."

ಸಾವಂತ್ರಿ ಒಳಗೆ ಹೋಗಿ ಒಂದು ಕಾಗದ ತಂದಳು. ಅಂಚೆಲ್ಲ ಹುಳು ತಿಂದ ಹಳೆಯ ಅಚ್ಚಿನ ಪಟ. ಬೆಂಕಿಪೆಟ್ಟಿಗೆ ಕಂಪನಿಯವರೋ ಯಾರೋ ವ್ಯಾಪಾರಕ್ಕೆಂದು ಹಂಚಿದ್ದು. ಅದರಲ್ಲಿ ನಮ್ಮ ಅಮ್ಮನೇ ಇದ್ದಳು. ಅದೇ ಗಲ್ಲ, ಅದೇ ಹೆಗಲು, ಅದೇ ಎತ್ತಿದ ಕೈ. "ಮುತ್ತಾತನ ಪೆಟ್ಟಿಗೇಲಿ ಸಿಕ್ತು. ಅದಕ್ಕೂ ಮುಂಚೆ ನಮ್ಮೂರ ಗೋಡೆ ಮೇಲೆ ಅಮ್ಮ ಅಂದ್ರೆ ಎರಡು ಕಣ್ಣು, ಒಂದು ಕುಂಕುಮದ ಬೊಟ್ಟು, ಅಷ್ಟೇ ಇತ್ತಂತೆ. ಮುತ್ತಾತ ಈ ಪಟ ನೋಡಿ ಮರುಳಾದ. ಚಿತ್ರ ಅಂದ್ರೆ ಹೀಗಿರಬೇಕು, ಮುಟ್ಟಿದ್ರೆ ಮೈ ಬೆಚ್ಚಗಿರತ್ತೆ ಅನ್ನಿಸಬೇಕು ಅಂದ. ಇದನ್ನೇ ದೊಡ್ಡದು ಮಾಡಿ ಅಳತೆ ಹಿಡಿದು ದಾರಕ್ಕೆ ಗಂಟು ಹಾಕಿಸಿದ. ಆ ದಾರ ನಿಮ್ಮ ಮನೇಲೇ ಇದೆಯಲ್ಲ ಅಕ್ಕ."

ಇತ್ತು. ಆ ಮಾತಿಗೆ ಆಮೇಲೆ ಬರುತ್ತೇನೆ.

"ಈ ಪಟ ಬರೆಯೋಕೆ ಯಾವಳೋ ಒಬ್ಬಳನ್ನ ಎದುರಿಗೆ ನಿಲ್ಲಿಸಿಕೊಂಡಿರ್ತಾರೆ ಅಕ್ಕ. ಕೈ ಎತ್ಕೊ, ಕಣ್ಣು ತಗ್ಗಿಸು ಅಂದಿರ್ತಾರೆ. ಅವಳು ಒಂದು ಗಂಟೆ ಹಾಗೆ ನಿಂತಿರಬಹುದು. ಆಮೇಲೆ ಕೈ ಇಳಿಸಿ, ಸೊಂಟ ನೀವಿಕೊಂಡು ಊಟಕ್ಕೆ ಹೋದಳು. ನಾವು ಇನ್ನೂ ಇಳಿಸಿಲ್ಲ."

"ಚಿತ್ರಶಾಲೆಯಲ್ಲಿ ಇದನ್ನೇ ಹೇಳಿಕೊಟ್ಟರೇನೇ?"

"ಇಲ್ಲಕ್ಕ. ಅಲ್ಲಿ ಹೇಳಿಕೊಟ್ಟಿದ್ದು ಗೆರೆ ದಪ್ಪ ಮಾಡೋದು, ಬೇಡದ್ದು ಬಿಡೋದು. ಯಾವುದು ಬೇಡ ಅಂತ ನಾನು ಅವ್ವನ್ನ ನೋಡಿ ಕಲಿತೆ."

ಸಿದ್ದವ್ವ ಒಲೆಯ ಮುಂದಿನಿಂದಲೇ ಹೇಳಿದರು: "ಬರೆದು ಐದು ತಿಂಗಳಾಯ್ತು. ಮೊದಲು ನನಗೂ ಬೇಜಾರಾಯ್ತು. ನಿಮ್ಮಪ್ಪ ಇದ್ದಿದ್ರೆ ಕುಂಚ ಮುರೀತಿದ್ರು ಅಂದೆ. ಆಮೇಲೆ ದಿನಾ ರೊಟ್ಟಿ ತಟ್ಟುವಾಗ ಎದುರಿಗೆ ಇವಳು ಕೂತೇ ಇರ್ತಾಳಲ್ಲ, ನನಗೂ ಕೂತ್ಕೋಬೇಕು ಅನ್ನಿಸ್ತು. ಕೂತೆ. ಒಂದಿನ ನೋಡ್ತೀನಿ, ಕೈ ತೊಡೆ ಮೇಲಿದೆ."

ಯಾರ ಮೈ ಕಂಡರೂ ಅಳೆಯುವುದು ನನ್ನ ಕಸುಬು. ಕೊರಳಲ್ಲಿ ಟೇಪು ಇದ್ದೇ ಇತ್ತು. ನೆಲದಿಂದ ಒಂದೊಂದಾಗಿ ಅಳೆದು ಅಳತೆಯ ಪುಸ್ತಕದಲ್ಲಿ ಬೇರೆ ಗಿರಾಕಿಗಳ ಹೆಸರಿನ ಕೆಳಗೇ ಬರೆದುಕೊಂಡೆ. ಸಿದ್ದವ್ವನ ಮನೆ ಅಮ್ಮ: ಬಲ ಹೆಗಲು ಮೂವತ್ತೊಂದು, ಎಡ ಹೆಗಲು ಮೂವತ್ತೊಂದು. ಬಲ ಅಂಗೈ ಹದಿಮೂರು, ಎಡ ಅಂಗೈ ಹದಿಮೂರು. ಗಲ್ಲ ಮೂವತ್ತೈದು. ನೆತ್ತಿ ನಲವತ್ತನಾಲ್ಕು. ಆಮೇಲೆ ಹಿಮ್ಮಡಿ, ಮಂಡಿ, ಸೊಂಟ, ಹುಬ್ಬು.

"ಇವಳಿಗೂ ರವಿಕೆ ಹೊಲೀತೀಯೇನವ್ವ?" ಎಂದರು ಸಿದ್ದವ್ವ. ಯಾಕೆ ಬರೆದುಕೊಂಡೆ ಎಂದು ಆಗ ನನಗೂ ಗೊತ್ತಿರಲಿಲ್ಲ.

ಇದು ಬಣ್ಣದ ವರ್ಷ. ಹದಿನೆಂಟು ವರ್ಷಕ್ಕೊಮ್ಮೆ ಊರಿನ ಎಲ್ಲ ಗೋಡೆಗಳಿಗೂ ಸುಣ್ಣ ಹೊಡೆದು ಅಮ್ಮನನ್ನು ಹೊಸದಾಗಿ ಬರೆಸುತ್ತಾರೆ. ಬರೆಯುವವರು ಯಾರೇ ಇರಲಿ, ದಾರ ಹೇಳಿದಂತೆ ಬರೆಯಬೇಕು. ಹತ್ತು ಗಂಟಿನ ದಾರ ಅದು. ಬುಡವನ್ನು ನೆಲಕ್ಕೆ ತಾಗಿಸಿ ಇಳಿಬಿಟ್ಟರೆ ಒಂದೊಂದು ಗಂಟೂ ಒಂದೊಂದು ಅಂಗದ ಎತ್ತರ ತೋರಿಸುತ್ತದೆ. ಒಂಟಿ ಗಂಟು ಎಡಗಡೆಯದು, ಜೋಡಿ ಗಂಟು ಬಲಗಡೆಯದು, ಮಧ್ಯದ ಅಂಗಗಳಿಗೆ ಮೂರು ಸುತ್ತಿನ ಗಂಟು. ಊರಿಗೆ ರವಿಕೆ ಹೊಲಿಯುವ ಮನೆ ನಮ್ಮದಾದ್ದರಿಂದ ದಾರ ನಮ್ಮಲ್ಲಿ, ಅತ್ತೆಯಿಂದ ಸೊಸೆಗೆ ಬರುತ್ತದೆ. ಹಳೆಯದು ಲಡ್ಡಾಗುವುದರಿಂದ ಪ್ರತಿ ಬಣ್ಣದ ವರ್ಷವೂ ಮನೆಯ ಸೊಸೆ ಒಬ್ಬಳೇ ಕೂತು ಅದನ್ನು ನೋಡಿ ಹೊಸ ದಾರಕ್ಕೆ ಗಂಟು ಹಾಕಿ, ಅರಿಶಿನದಲ್ಲಿ ಅದ್ದಿ, ಹಳೆಯದನ್ನು ಬಾವಿಗೆ ಬಿಡಬೇಕು. ಇಲ್ಲಿಯವರೆಗೆ ಆ ಕೆಲಸ ನನಗೆ ಬಂದಿರಲಿಲ್ಲ. ಹೋದ ಸಲ ಅತ್ತೆ ಕಟ್ಟಿದ್ದರು. ಆಗ ತಾರಿಣಿ ನನ್ನ ಹೊಟ್ಟೆಯಲ್ಲಿದ್ದಳು.

ಆ ಸಲ ಒಂದು ತಕರಾರು ಎದ್ದದ್ದು ನೆನಪಿದೆ. ಬರೆದು ಮುಗಿಸಿದ ಮೇಲೆ ಊರ ಯಜಮಾನರು, "ಅಮ್ಮನ ಹೆಗಲು ಯಾಕೋ ತುಸು ಇಳಿದ ಹಾಗಿದೆ" ಎಂದರು. ಮಾಲಿಂಗಾಚಾರಿ ದಾರ ತರಿಸಿ ಗೋಡೆಗೆ ಹಿಡಿದು ತೋರಿಸಿದರು. ಗಂಟೂ ಗೆರೆಯೂ ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಯಜಮಾನರು ಕೆನ್ನೆ ಬಡಿದುಕೊಂಡು, ತಪ್ಪಿದ್ದು ನನ್ನ ಕಣ್ಣೇ ಎಂದು ಒಪ್ಪಿಕೊಂಡರು.

ಈ ಸಲ ಸಾವಂತ್ರಿಯ ವಿಷಯ ತೀರ್ಮಾನ ಮಾಡಲು ಗಡಿಯಾರ ಕಂಬದ ಕಟ್ಟೆಯಲ್ಲಿ ಸಭೆ ಸೇರಿತು. ಗಂಡಸರು ಕೂತಿದ್ದರು, ನಾವು ಸುತ್ತ ನಿಂತಿದ್ದೆವು. ಯಜಮಾನರಾದ ಚೌಡಪ್ಪನವರಿಗೆ ಈಗ ಎಂಬತ್ತು, ಮಾತು ಮಾತ್ರ ಮೊದಲಿನ ಹಾಗೇ ಚುರುಕು.

"ಮಗಳೇ ಸಾವಂತ್ರಿ, ನಿಮ್ಮಪ್ಪನ ಜಾಗ ನಿನಗೇ ಬರಬೇಕಿತ್ತು. ದಾರದ ಪ್ರಕಾರ ಬರೀತೀನಿ ಅನ್ನು, ಇವತ್ತೇ ಬಣ್ಣ ಕಲೆಸು."

"ದಾರದ ಪ್ರಕಾರ ಬರೆಯಲ್ಲ ಯಜಮಾನ್ರೆ. ಅವ್ವನ ಕೈ ನೋಡಿ ನೀವೇ ಹೇಳಿ."

"ಕೈಗೆ ಎಣ್ಣೆ ಹಚ್ಚಿದ್ರೂ ಇಳಿಯತ್ತೆ. ಅದಕ್ಕೆ ಅಮ್ಮನ್ನ ಕೂರಿಸ್ತಾರೇನಮ್ಮ? ಕೂತೋಳು ಯಾರಿಗೆ ಅಭಯ ಕೊಟ್ಟಾಳು?"

"ನಿಮ್ಮನ್ನ ಕೂತೇ ಎತ್ತಿಕೊಂಡಿರಲಿಲ್ವಾ ನಿಮ್ಮವ್ವ?" ಎಂದಳು ಸಾವಂತ್ರಿ.

ಗಂಡಸರಲ್ಲಿ ಒಬ್ಬಿಬ್ಬರು ನಕ್ಕರು. ಚೌಡಪ್ಪನವರು ನಗಲಿಲ್ಲ. "ದಾರ ಹೇಳಿದ್ದೇ ಅಮ್ಮ. ನನ್ನ ಕಣ್ಣು ಬೇರೆ ಹೇಳಿದರೂ ಅಷ್ಟೇ, ನಿನ್ನ ಶಾಲೆ ಬೇರೆ ಹೇಳಿದರೂ ಅಷ್ಟೇ. ಆಚೆ ಊರಿಂದ ರುದ್ರೋಜಿಯನ್ನ ಕರೆಸಿದೀನಿ, ಅವನು ಬರೀತಾನೆ. ನಿಮ್ಮ ಗೋಡೆಗೂ ಸುಣ್ಣ ಬೀಳತ್ತೆ. ದಾರದ ಪ್ರಕಾರ ಬರೆಸೋಕೆ ಒಪ್ಪಿಗೆ ಇರೋರು ಕೈ ಎತ್ತಿ." ಹಾಗೆಂದು ನಮ್ಮ ಕಡೆ ತಿರುಗಿದರು. ಮುಖ ಅರಳಿತು. "ನೋಡಿ, ಹೆಂಗಸರೆಲ್ಲ ಆಗಲೇ ಎತ್ತಿದಾರೆ. ಬರ್ಕೊಳ್ಳಿ, ಒಮ್ಮತ."

ನನ್ನ ಕೈಯನ್ನು ಇಳಿಸಲು ನೋಡಿದೆ. ಎಡಗೈಯಿಂದ ಮಣಿಕಟ್ಟು ಹಿಡಿದು ಎಳೆದೆ. ಬಿಟ್ಟ ಕೂಡಲೇ ಅದು ಕಿವಿಯ ಪಕ್ಕಕ್ಕೆ ಹೋಗಿ ನಿಂತಿತು. ಅಷ್ಟು ಹೆಂಗಸರ ನಡುವೆ ಸಿದ್ದವ್ವ ಒಬ್ಬರ ಕೈ ಮಾತ್ರ ಕೆಳಗಿತ್ತು. ಅದನ್ನು ಯಾರೂ ಬರೆದುಕೊಳ್ಳಲಿಲ್ಲ.

ರುದ್ರೋಜಿ ಅಲ್ಲೇ ಒಂದು ಮೂಲೆಯಲ್ಲಿ ಚೀಲ ಇಟ್ಟುಕೊಂಡು ಕೂತಿದ್ದ. ಎದ್ದು ಕೈ ಮುಗಿದು, "ನನ್ನ ತಲೆ ಓಡಿಸೋನಲ್ಲ ಬುದ್ಧಿ. ದಾರ ಎಲ್ಲಿ ಅಂದ್ರೆ ಅಲ್ಲಿ ಚುಕ್ಕೆ, ಚುಕ್ಕೆ ಎಲ್ಲಿ ಅಂದ್ರೆ ಅಲ್ಲಿ ಗೆರೆ. ಆನೆ ಅಳತೆ ಕೊಟ್ರೆ ಆನೆ ಬರೀತೀನಿ" ಎಂದ. ಅಮ್ಮನ ಮಾತಿನಲ್ಲಿ ಆನೆಯನ್ನು ತಂದದ್ದಕ್ಕೆ ಯಾರೋ ಗದರಿದರು. ಅವನು ನಾಲಗೆ ಕಚ್ಚಿಕೊಂಡು ಕೂತ.

ಮಾರನೆಯ ದಿನದಿಂದಲೇ ಸುಣ್ಣದ ಕೆಲಸ ನಡೆಯಿತು. ಸಿದ್ದವ್ವನ ಮನೆಯ ಗೋಡೆಗೆ ಎರಡು ಸಲ ಬಳಿದರೂ ಆ ಕಪ್ಪು ಗೆರೆ ಮಬ್ಬಾಗಿ ಕಾಣುತ್ತಲೇ ಇತ್ತಂತೆ, ಮೂರನೆಯ ಸಲ ಬಳಿದರು. ಸಾವಂತ್ರಿ ಬಸ್ಸು ಹತ್ತುವ ಮೊದಲು ನಮ್ಮ ಮನೆಗೆ ಬಂದಳು. ಅವ್ವನ ರವಿಕೆಯನ್ನು ನನ್ನ ಕೈಗಿಟ್ಟು, "ಬಲ ಹೆಗಲು ಬಿಚ್ಚಿ ಸರಿ ಮಾಡಬೇಡಿ ವೇಣಕ್ಕ. ಇನ್ನು ಕೆಲವು ತಿಂಗಳಿಗೆ ಅದೇ ಸರಿಹೋಗತ್ತೆ" ಎಂದಳು. ದನಿಯಲ್ಲಿ ಅಳು ಇರಲಿಲ್ಲ. ಸಿಟ್ಟಿತ್ತು.

"ಮತ್ತೆ ಬರಲ್ವೇನೇ?"

"ಇವರು ಎಷ್ಟು ಸಲ ಬಳೀತಾರೋ ಅಷ್ಟು ಸಲ ಬರೀತೀನಿ. ಇಲ್ಲಿ ಗೋಡೆ ಕೊಡದಿದ್ರೆ ಅಲ್ಲಿ ಬಟ್ಟೆ ಮೇಲೆ."

ಅವಳು ಹೋದ ಮೇಲೆ ರವಿಕೆಯನ್ನು ಮಡಿಸಿಟ್ಟೆ. ಪಾಪ ಎನ್ನಿಸಿತು, ಆದರೆ ಅದು ಅವಳ ಕಷ್ಟ, ಸಿದ್ದವ್ವನ ಕಷ್ಟ ಎಂದುಕೊಂಡೆ. ಅದು ನನ್ನ ಮನೆಯ ಕಷ್ಟವಾದದ್ದು ಎರಡು ದಿನ ಬಿಟ್ಟು.

ನಮ್ಮೂರಿನ ಗಡಿಯಾರ ಕಂಬದ ಮೇಲೇನಿದೆ ಎಂದು ದೊಡ್ಡ ಹೆಂಗಸರಿಗೆ ಗೊತ್ತಿಲ್ಲ. ತಲೆ ಎತ್ತಲು ಆಗುವುದಿಲ್ಲವಲ್ಲ. ಅದರ ಗಂಟೆ ಹೊಡೆಯುವುದು ನಿಂತು ಎಷ್ಟೋ ವರ್ಷವಾಯಿತು. ಹಾಗಾಗಿ ಪೇಟೆಗೆ ಹೋದವರು ಹುಡುಗಿಯರನ್ನು ಕೇಳುತ್ತಾರೆ. ಕೇಳಿದ್ದನ್ನೆಲ್ಲ ಹೇಳುವುದರಲ್ಲಿ ನನ್ನ ಮಗಳು ತಾರಿಣಿ ಎತ್ತಿದ ಕೈ. ಗಂಟೆ ಎಷ್ಟು ಎಂದರೆ ಗಂಟೆ ಹೇಳಿ, ಮುಳ್ಳಿನ ಮೇಲೆ ಕೂತ ಪಾರಿವಾಳಕ್ಕೆ ಎಷ್ಟು ಮರಿ, ಆಚೆ ಮೋಡ ಯಾವ ಕಡೆ ಹೋಗುತ್ತಿದೆ, ಎಲ್ಲ ಸೇರಿಸಿ ಹೇಳುತ್ತಾಳೆ. ಮೇಲಿನ ಲೋಕದ ಸುದ್ದಿಯನ್ನೆಲ್ಲ ಅವಳ ಬಾಯಿಂದಲೇ ಕೇಳುತ್ತ ನಾನು ಹದಿನೈದು ವರ್ಷ ಕಳೆದಿದ್ದೇನೆ. ನಾಲ್ಕು ವರ್ಷದವಳಿದ್ದಾಗ, "ಅಮ್ಮಾ, ಚಂದ್ರನ್ನ ಇವತ್ತು ಅರ್ಧ ತಿಂದು ಬಿಟ್ಟಿದಾರೆ" ಎಂದವಳು. ಅವಳಪ್ಪ ತೀರಿಕೊಂಡು ಒಂಬತ್ತು ವರ್ಷ. ಮನೆಯಲ್ಲಿ ನಾನು, ಅತ್ತೆ, ಅವಳು. ಮೂವರಲ್ಲಿ ಆಕಾಶ ನೋಡುವವಳು ಅವಳೊಬ್ಬಳೇ.

ಅವತ್ತು ಕಾಜದ ನೂಲು ತರಲು ಇಬ್ಬರೂ ಪೇಟೆಗೆ ಹೋಗಿದ್ದೆವು. ಎದುರಿಗೆ ಬಂದ ಬಳೆಯಂಗಡಿಯ ಚೆಲುವಮ್ಮ, "ತಾರೀ, ಟೈಮೆಷ್ಟಾಯ್ತೇ?" ಎಂದಳು.

ತಾರಿಣಿ ತಕ್ಷಣ ಹೇಳಲಿಲ್ಲ. ನಾನು ಅವಳ ಕಾಲನ್ನು ನೋಡುತ್ತಿದ್ದೆ, ನನಗೆ ಕಾಣುವುದು ಅಷ್ಟೇ. ಅವಳ ಹಿಮ್ಮಡಿ ನೆಲಕ್ಕೆ ಒತ್ತಿತು, ಬೆರಳುಗಳು ಮೇಲೆದ್ದವು, ಮಂಡಿ ಬಾಗಿತು. ಕತ್ತು ಏಳದ್ದಕ್ಕೆ ಇಡೀ ಮೈಯನ್ನೇ ಸೊಂಟದಿಂದ ಹಿಂದಕ್ಕೆ ಬಗ್ಗಿಸುತ್ತಿದ್ದಳು. ಬೀಳುವ ಹಾಗಾಗಿ ನನ್ನ ತೋಳು ಹಿಡಿದುಕೊಂಡಳು. "ಹನ್ನೊಂದೂ... ಹನ್ನೊಂದೂ ಕಾಲು" ಎಂದಳು. ಪಾರಿವಾಳದ ಮಾತು ಬರಲಿಲ್ಲ.

"ಶುರುವಾಯ್ತು ನಿಮ್ಮ ಹುಡುಗಿಗೆ" ಎಂದಳು ಚೆಲುವಮ್ಮ, ಯಾರೋ ದೊಡ್ಡವಳಾದಾಗ ಹೇಳುವ ಹಾಗೆ. "ಒಳ್ಳೇದಾಯ್ತು ಬಿಡಿ. ಇನ್ನು ಗಂಡು ನೋಡಬಹುದು."

ತಾರಿಣಿ ದಾರಿಯುದ್ದಕ್ಕೂ ನನ್ನ ತೋಳು ಬಿಡಲಿಲ್ಲ. ಮನೆಗೆ ಬಂದು, ಮಿಷನ್ನಿನ ಪಕ್ಕದಲ್ಲಿ ನಿಂತು, "ಅಮ್ಮಾ, ನನ್ನ ಹೆಗಲು ಅಳೆ" ಎಂದಳು.

ಅಳೆದೆ. ಬಲಗಡೆ ಒಂದು ನೂಲಿನಷ್ಟು ಮೇಲಿತ್ತು. ರವಿಕೆಯಲ್ಲಿ ಕಾಣದಷ್ಟು.

"ಎಷ್ಟು?"

"ಸಮವಾಗಿದೆ" ಎಂದೆ.

"ಸುಳ್ಳು ಹೇಳ್ಬೇಡ. ಅಳತೆ ಕೇಳಿದ್ರೆ ನೀನು ಯಾವತ್ತೂ ಅಂಕಿ ಹೇಳ್ತೀಯ."

ರುದ್ರೋಜಿ ಮೊದಲ ಗೋಡೆಗೆ ಚುಕ್ಕೆ ಇಡಬೇಕಾದದ್ದು ಶುಕ್ರವಾರ. ಗುರುವಾರ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಒದ್ದೆ ಸೀರೆಯಲ್ಲೇ ಹಿತ್ತಿಲ ಕಡೆಯ ಕೋಣೆಗೆ ಹೋಗಿ ಕದ ಹಾಕಿಕೊಂಡೆ. ಆಚೆ ಕೋಣೆಯ ಮಂಚದಲ್ಲಿ ಅತ್ತೆ ಇದ್ದರು. ಸೊಂಟ ಬಿದ್ದುಹೋಗಿ ಮೂರು ವರ್ಷವಾಗಿದೆ, ಬಲಗೈ ಮಾತ್ರ ಮಲಗಿದಲ್ಲೂ ಮೇಲೇ ಇರುತ್ತದೆ. ನನ್ನನ್ನು ಹೊಗಳಿದವರಲ್ಲ, ಊರಿನ ಪದ್ಧತಿಯ ವಿರುದ್ಧ ಒಂದು ಮಾತು ಆಡಿದವರಲ್ಲ. ಸಾವಂತ್ರಿಯ ಅಮ್ಮನ ಬಗ್ಗೆ ಹೇಳಿದಾಗಲೂ, "ಎಲ್ಲರ ಕಣ್ಣಿಗೂ ಬೀಳೋ ಹಾಗೆ ಮಾಡಿದ್ರೆ ಸುಣ್ಣ ಬಳೀದೆ ಇನ್ನೇನು ಮಾಡ್ತಾರೆ" ಎಂದು ಗೋಡೆಗೆ ತಿರುಗಿದ್ದರು.

ಹಿತ್ತಾಳೆಯ ಡಬ್ಬಿಯಿಂದ ಹಳೆಯ ದಾರ ತೆಗೆದು ಗೂಟಕ್ಕೆ ಇಳಿಬಿಟ್ಟೆ. ಪಕ್ಕದಲ್ಲಿ ಹೊಸ ದಾರ. ಕೆಳಗಿನಿಂದ ಕಟ್ಟುತ್ತ ಬಂದೆ. ಹಿಮ್ಮಡಿ, ಮಂಡಿ, ಸೊಂಟ, ಎಡ ಅಂಗೈ, ಎಡ ಹೆಗಲು. ಬಲ ಹೆಗಲಿನ ಜೋಡಿ ಗಂಟಿಗೆ ಬಂದಾಗ ಕೈ ನಿಂತಿತು. ಗಂಟಿಗಿಂತ ಅರ್ಧ ಬೆರಳು ಮೇಲೆ, ಅರಿಶಿನದ ದಾರದಲ್ಲಿ ಅಕ್ಕಿಕಾಳಿನಷ್ಟು ಜಾಗ ಬೆಳ್ಳಗಿತ್ತು. ಅಲ್ಲಿ ದಾರ ಸುಕ್ಕುಸುಕ್ಕಾಗಿ ತಿರುಚಿಕೊಂಡಿತ್ತು. ಬೆಳಕಿಗೆ ಹಿಡಿದು ನೋಡಿದೆ. ಅಲ್ಲಿ ಮೊದಲೊಂದು ಜೋಡಿ ಗಂಟು ಇತ್ತು. ಗಂಟಿನೊಳಗೆ ಅರಿಶಿನ ಇಳಿಯುವುದಿಲ್ಲ. ಅದ್ದಿ ಒಣಗಿಸಿದ ಮೇಲೆ ಯಾರೋ ಆ ಗಂಟನ್ನು ಬಿಚ್ಚಿ, ಅರ್ಧ ಬೆರಳು ಕೆಳಗೆ ಮತ್ತೆ ಕಟ್ಟಿದ್ದರು.

ಕಟ್ಟಿದವರು ಒಬ್ಬರೇ.

ಹಳೆಯ ಟ್ರಂಕಿನಲ್ಲಿ ಅತ್ತೆಯ ಕಾಲದ ರವಿಕೆ ಅಳತೆಯ ಕಾಗದಗಳಿವೆ. ಪತ್ರಿಕೆಯ ಹಾಳೆಯಲ್ಲಿ ಕತ್ತರಿಸಿದವು. ಅವುಗಳಲ್ಲಿ ಬಲ ಹೆಗಲು ಒಂದೂವರೆ ಬೆರಳು ಮೇಲಿರುತ್ತದೆ. ಹಿಂದಿನವರ ಮೈಕಟ್ಟೇ ಬೇರೆ ಎಂದು ನಾನು ಇಷ್ಟು ವರ್ಷ ಅಂದುಕೊಂಡಿದ್ದೆ. ಹೊಟ್ಟೆಯಲ್ಲಿ ಮೊಮ್ಮಗಳಿದ್ದ ಸೊಸೆಗೆ ಹೆಚ್ಚು ಬಗ್ಗಬೇಡ, ಹೆಚ್ಚು ತಿನ್ನಬೇಡ ಎಂದು ದಿನವೂ ಗದರುತ್ತಿದ್ದ ಹೆಂಗಸು, ಇದೇ ಕೋಣೆಯಲ್ಲಿ ಕದ ಹಾಕಿಕೊಂಡು, ಮೊದಲು ಹಳೆಯದರ ಹಾಗೇ ಕಟ್ಟಿ, ಅದ್ದಿ, ಒಣಗಿಸಿ, ಆಮೇಲೆ ಮನಸ್ಸು ತಡೆಯದೆ ಬಿಚ್ಚಿದ್ದರು. ಯಜಮಾನರ ಕಣ್ಣು ಅವತ್ತು ಸರಿಯಾಗಿಯೇ ಕಂಡಿತ್ತು.

ಉಳಿದ ಗಂಟುಗಳನ್ನು ಕಟ್ಟಿ ಮುಗಿಸಿದೆ. ಗಲ್ಲ, ಬಲ ಅಂಗೈ, ಹುಬ್ಬು, ನೆತ್ತಿ. ಹಳೆಯದರ ಹಾಗೇ. ನಾನೂ ಅರ್ಧ ಬೆರಳು ಇಳಿಸಬಹುದು ಎನ್ನಿಸಿತು. ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಲೆಕ್ಕ ಹಾಕಿದೆ. ಈ ಸಲ ಅರ್ಧ, ಮುಂದಿನ ಸಲ ದಾರ ಕಟ್ಟುವವರು ಯಾರೋ ಇನ್ನರ್ಧ. ಹೆಗಲು ಸಮವಾಗುವ ಹೊತ್ತಿಗೆ ತಾರಿಣಿಗೆ ಮೂವತ್ತೈದು ದಾಟಿರುತ್ತದೆ. ಗಲ್ಲಕ್ಕೂ ಕೈಗೂ ಇನ್ನೆಷ್ಟು ಬಣ್ಣದ ವರ್ಷ ಬೇಕೋ. ಅಷ್ಟರಲ್ಲಿ ಪಾರಿವಾಳದ ಎಷ್ಟು ಮರಿಗಳು ಹುಟ್ಟಿ ಹಾರಿಹೋಗಿರುತ್ತವೆ. ಇಡೀ ಅಳತೆ ಬದಲಿಸಿದರೆ ಸಿಕ್ಕಿಬೀಳಬಹುದು. ದಾರ ಕೆಡಿಸಿದ ಮನೆಗೆ ಊರಿನಲ್ಲಿ ಯಾರೂ ಬಟ್ಟೆ ಕೊಡುವುದಿಲ್ಲ, ಹೆಣ್ಣು ಕೇಳಲು ಬರುವುದಿಲ್ಲ.

"ಆಯ್ತೇನೇ?" ಆಚೆ ಕೋಣೆಯಿಂದ ಅತ್ತೆಯ ದನಿ ಬಂತು.

"ಗಂಟು ಹಾಕಿದೆ ಅತ್ತೆ. ಇನ್ನು ಅದ್ದೋದು."

ಮಂಚ ಕಿರುಗುಟ್ಟಿತು.

"ಅದ್ದೋಕೆ ಮುಂಚೆ ಇನ್ನೊಂದು ಸಲ ಯೋಚನೆ ಮಾಡ್ಕೋ" ಎಂದರು. "ಅದ್ದಿದ ಮೇಲೆ ಬಿಚ್ಚಿದರೆ ಕಲೆ ಉಳಿದುಬಿಡತ್ತೆ."

ಮಂಚ ಮತ್ತೆ ಕಿರುಗುಟ್ಟಿತು, ಅವರು ಗೋಡೆಗೆ ತಿರುಗಿರಬೇಕು.

ಗೂಟದಿಂದ ಹೊಸ ದಾರ ಇಳಿಸಿ ತೊಡೆಯ ಮೇಲೆ ಹಾಕಿಕೊಂಡೆ. ಬಲ ಮಣಿಕಟ್ಟಿಗೆ ಮರಳಿನ ಚೀಲ ಕಟ್ಟಿಕೊಂಡೆ, ಕೈ ಕೆಲಸಕ್ಕೆ ಇಳಿಯಿತು. ಹತ್ತೂ ಗಂಟುಗಳನ್ನು ಉಗುರಿನಿಂದ ಒಂದೊಂದಾಗಿ ಬಿಚ್ಚಿದೆ, ದಾರವನ್ನು ಒದ್ದೆ ಮಾಡಿ ಎಳೆದು ನೆಟ್ಟಗೆ ಮಾಡಿದೆ. ಅಳತೆಯ ಪುಸ್ತಕ ತೆರೆದು ಸಿದ್ದವ್ವನ ಮನೆ ಎಂದಿದ್ದ ಹಾಳೆಯನ್ನು ಎದುರಿಗಿಟ್ಟೆ. ಟೇಪು ನೆಲಕ್ಕೆ ಒತ್ತಿ ಹಿಡಿದು, ಕೆಳಗಿನ ಮೂರು ಗಂಟು ಮುಗಿಸಿ, ಹದಿಮೂರಕ್ಕೆ ಒಂದು ಒಂಟಿ ಗಂಟು ಹಾಕಿದೆ. ಅದಕ್ಕೆ ತಾಗಿಸಿ ಒಂದು ಜೋಡಿ ಗಂಟು. ಮೂವತ್ತೊಂದಕ್ಕೆ ಮತ್ತೆ ಒಂಟಿ, ಮತ್ತೆ ಜೋಡಿ, ಎರಡೂ ಅಕ್ಕಪಕ್ಕದಲ್ಲಿ. ಗಲ್ಲದ ಗಂಟನ್ನು ಮೂವತ್ತೈದಕ್ಕೆ ಕಟ್ಟುವಾಗ, ಹೆಗಲಿನಿಂದ ಅದು ಎಷ್ಟು ಮೇಲಿದೆ ಎಂದು ಬೆರಳಿಟ್ಟು ನೋಡಿದೆ. ಒಂದು ಹುಡುಗಿ ತಲೆ ಎತ್ತಿ ಗಡಿಯಾರ ನೋಡಲು ಬೇಕಾದಷ್ಟು ಜಾಗವಿತ್ತು.

ಹೊರಗೆ ಜಗಲಿಯಲ್ಲಿ ತಾರಿಣಿ ಯಾರಿಗೋ ಟೈಮು ಹೇಳುತ್ತಿದ್ದಳು. ಯಾರು ಏನೇ ಕೇಳಿದರೂ, ದಾರ ಹೀಗೇ ಇತ್ತು ಎನ್ನುತ್ತೇನೆ. ಅಷ್ಟೇ. ಇವಳಿಗೂ ಹೇಳುವುದಿಲ್ಲ. ಹುಬ್ಬು, ನೆತ್ತಿಯ ಗಂಟೂ ಹಾಕಿ, ಬಟ್ಟಲಿನಲ್ಲಿ ಅರಿಶಿನ ಕಲಸಿ ದಾರ ಇಳಿಬಿಟ್ಟೆ. ಅದು ಪೂರ್ತಿ ಬಣ್ಣ ಕುಡಿಯುವವರೆಗೂ ಕೂತು ನೋಡಿದೆ. ಆಮೇಲೆ ಹಳೆಯದನ್ನು ಬಾವಿಗೆ ಬಿಡಲು ಎದ್ದೆ.